ಬೆಂಡೆ ಗಿಡದ ಹಳದಿ ನಂಜು ರೋಗ



ನಮ್ಮೂರಿನಲ್ಲಿ ಬೆಂಡೆ ಹಾಕದ ಮನೆ ಕಡಿಮೆ. ಆದರೆ ಅದಕ್ಕೆ ಬರುವ ಹಳದಿ ನಂಜು ರೋಗದ ವಿಷಯ ಹಲವರಿಗೆ ಸರಿಯಾಗಿ ಗೊತ್ತಿಲ್ಲ. ನಮ್ಮ ಮನೆಯವರಿಗೂ ಗೊತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೋದ ವರ್ಷ ಬೇಸಿಗೆಯಲ್ಲಿ ಹತ್ತು ಗುಂಟೆಗೆ ಬೆಂಡೆ ಹಾಕಿದ್ದೆವು. ಬದುವಿನ ಹತ್ತಿರ ಎರಡು ಗಿಡ ಹಳದಿಯಾಗಿದ್ದನ್ನು ಮೊದಲು ನೋಡಿದವಳು ನಾನೇ. ಗೊಬ್ಬರ ಸಾಲದು ಅಂತ ಅಪ್ಪ ಯೂರಿಯಾ ಹಾಕಿದರು. ಸ್ವಲ್ಪ ದಿನದಲ್ಲೇ ಅರ್ಧ ಹೊಲ ಹಳದಿ! ಸಾಲಕ್ಕೆ ಔಷಧಿ ತಂದು ಮೂರು ಸಲ ಹೊಡೆದರೂ ಗಿಡ ಹಸಿರಾಗಲಿಲ್ಲ. ಕಾಯಿ ಸಣ್ಣಗೆ, ಗಟ್ಟಿಯಾಗಿ, ಬಿಳಿಚಿಕೊಂಡು ಬಂತು. ಸಂತೆಯಲ್ಲಿ ಯಾರೂ ಕೊಳ್ಳಲಿಲ್ಲ. ಅಕ್ಕನ ಕಾಲೇಜು ಫೀಜಿಗೆ ಅಮ್ಮ ಓಲೆ ಅಡ ಇಟ್ಟರು.

ಆಮೇಲೆ ನಾನು ಒಂದು ಎಲೆ ತಂದು ನಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿದೆ. ಅವರು ಹೇಳಿಕೊಟ್ಟಿದ್ದು ಇಷ್ಟು:

ಗೊಬ್ಬರ ಕಡಿಮೆಯಾದರೆ ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾಗುತ್ತದೆ. ನಂಜು ರೋಗದಲ್ಲಿ ಎಲೆಯ ನರಗಳು ಮೊದಲು ಹಳದಿಯಾಗಿ ಬಲೆಯ ಹಾಗೆ ಕಾಣುತ್ತವೆ, ನಡುವೆ ಹಸಿರು ಉಳಿದಿರುತ್ತದೆ. ಇದು ವೈರಸ್ಸಿನಿಂದ ಬರುವ ರೋಗ. 1924ರಲ್ಲೇ ಆಗಿನ ಮುಂಬಯಿ ಪ್ರಾಂತ್ಯದಲ್ಲಿ ಇದನ್ನು ಗುರುತಿಸಿದ್ದರು.

ವೈರಸ್ಸಿಗೆ ಕಾಲೂ ಇಲ್ಲ, ರೆಕ್ಕೆಯೂ ಇಲ್ಲ. ಅದನ್ನು ಹೊತ್ತು ತಿರುಗುವುದು ಬಿಳಿ ನೊಣ. ಅದು ಎಳ್ಳಿಗಿಂತಲೂ ಚಿಕ್ಕದು, ಎಲೆಯ ಅಡಿಯಲ್ಲಿ ಕೂತು ರಸ ಹೀರುತ್ತದೆ. ರೋಗದ ಗಿಡದ ರಸ ಹೀರಿದ ನೊಣ ಒಳ್ಳೆ ಗಿಡದ ಮೇಲೆ ಕೂತರೆ ಅದಕ್ಕೂ ರೋಗ. ನಾವು ಕೈಯಿಂದ ಮುಟ್ಟಿದರೆ ಹರಡುವುದಿಲ್ಲ. ಆ ಕಾಯಿ ತಿಂದರೆ ಮನುಷ್ಯರಿಗೂ ಈ ರೋಗ ಬರುವುದಿಲ್ಲ.

ಮುಖ್ಯವಾದ ಮಾತು: ರೋಗ ಬಂದ ಗಿಡವನ್ನು ವಾಸಿ ಮಾಡುವ ಔಷಧಿ ಇಲ್ಲ. ಔಷಧಿ ಸಾಯಿಸುವುದು ನೊಣವನ್ನು, ವೈರಸ್ಸನ್ನಲ್ಲ. ರೋಗ ಬೇಗ ಬಂದಷ್ಟೂ ನಷ್ಟ ಜಾಸ್ತಿ. ಮೊಳೆತ 50 ದಿನಕ್ಕೆ ಬಂದರೆ ನೂರಕ್ಕೆ 84 ಪಾಲು, 65 ದಿನಕ್ಕೆ ಬಂದರೆ 49 ಪಾಲು ಫಸಲು ಹೋಗುತ್ತದೆ ಎಂದು 1974ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ಹಾಗಾದರೆ ಏನು ಮಾಡಬೇಕು?

1. ರೋಗ ತಡೆಯುವ ತಳಿಯ ಬೀಜ ಹಾಕಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಅನಾಮಿಕ ಅಂಥದ್ದೇ. ಆದರೆ ಈಗ ಹಲವು ಕಡೆ ಅದಕ್ಕೂ ರೋಗ ಬರುತ್ತಿದೆ. ಬೀಜ ನಂಬಿ ಸುಮ್ಮನೆ ಕೂರಬಾರದು.

2. ಹೊಲದ ಸುತ್ತ ಮುಸುಕಿನ ಜೋಳವನ್ನು ಮೊದಲೇ ಬಿತ್ತಿ ಬೇಲಿಯ ಹಾಗೆ ಬೆಳೆಸಬೇಕು. ಬದುವಿನ ಕಳೆ ಕೀಳಬೇಕು.

3. ಹಳೇ ತಗಡಿಗೆ ಹಳದಿ ಬಣ್ಣ ಬಳಿದು ಹರಳೆಣ್ಣೆ ಸವರಿ ನಿಲ್ಲಿಸಿದರೆ ನೊಣ ಬಂದು ಅಂಟಿಕೊಳ್ಳುತ್ತವೆ.

4. ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ಪುಡಿ ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸೋಪು ಕಲಸಿ ಎಲೆಯ ಅಡಿಗೆ ಬೀಳುವಂತೆ ಹೊಡೆಯಬೇಕು.

5. ಮೊದಲ ಹಳದಿ ಗಿಡ ಕಂಡ ದಿನವೇ ಕಿತ್ತು ಹೂಳಬೇಕು.

ಈ ಐದನೆಯದೇ ಕಷ್ಟ. ಈ ವರ್ಷ ನಾನು ಕೀಳಲು ಹೋದಾಗ ತಾತ, “ಹೂವು ಬಿಟ್ಟೈತೆ, ಅದನ್ನ ಕೀಳ್ತೀಯೇನೇ?” ಅಂತ ಬೈದರು. ನನಗೂ ಅಳು ಬಂತು. ಅಪ್ಪ ಮಾತಾಡದೆ ಬಂದು ತಾವೇ ಕಿತ್ತರು. ಒಟ್ಟು 23 ಗಿಡ ಹೋದವು. ಕೊನೆಗೆ ಸ್ವಲ್ಪ ರೋಗ ಬಂದರೂ ಅಷ್ಟರಲ್ಲಿ ಹನ್ನೊಂದು ಸಂತೆಗೆ ಕಾಯಿ ಹೋಗಿತ್ತು. ಅಮ್ಮನ ಓಲೆ ಮನೆಗೆ ಬಂತು. ಈಗ ತಾತನೇ ಬೆಳಿಗ್ಗೆ ಎದ್ದು ಎಲೆ ಮಗುಚಿ ನೋಡುತ್ತಾರೆ.

ಗೆಳೆಯ ಗೆಳತಿಯರೇ, ಈ ಭಾನುವಾರ ನಿಮ್ಮ ಹೊಲಕ್ಕೆ ಹೋಗಿ ಬೆಂಡೆ ಎಲೆಯ ಅಡಿ ನೋಡಿ. ಹಳದಿ ಬಲೆ ಕಂಡರೆ ಮನೆಯಲ್ಲಿ ಅವತ್ತೇ ಹೇಳಿ.

– 7ನೇ ತರಗತಿ ವಿದ್ಯಾರ್ಥಿನಿ