ಗಂಜೀಫಾ: ಒಂದು ಆಟ, ಹಲವು ಲೆಕ್ಕ

ತೊರವಿಯ ನರಸಿಂಹನ ಗುಡಿಯಲ್ಲಿ ಸಂಜೆಯ ದೀಪ ಹಚ್ಚುವ ಹೊತ್ತಿಗೆ ನನಗೆ ಬಂಗಾಳದ ವಿಷ್ಣುಪುರದ ಎಲೆಯಾಟವೊಂದು ನೆನಪಾಗುವುದುಂಟು. ಅಲ್ಲಿಯ ದಶಾವತಾರ ಗಂಜೀಫಾದಲ್ಲಿ ಆಟವು ಮುಸ್ಸಂಜೆಗೆ ಮೊದಲಾದರೆ, ನರಸಿಂಹನನ್ನು ಹಿಡಿದವನೇ ಮೊದಲ ಎಲೆ ಇಳಿಸಬೇಕು. ಹಗಲಿಗೆ ರಾಮ, ಇರುಳಿಗೆ ಮತ್ಸ್ಯ, ಹಗಲಲ್ಲಿ ಮಳೆ ಸುರಿಯುತ್ತಿದ್ದರೆ ಕೂರ್ಮ. ಹಿರಣ್ಯಕಶಿಪು ಹತನಾದ ಹೊತ್ತನ್ನು ಆಟದ ನಿಯಮವೂ ಮರೆತಿಲ್ಲ! ಇದೇ ಆಟ ಕೊಂಕಣದ ಸಾವಂತವಾಡಿಗೆ ಬಂದರೆ ಇಷ್ಟು ಸೂಕ್ಷ್ಮವಿಲ್ಲ. ಹಗಲು ರಾಮನದು, ಇರುಳು ಕೃಷ್ಣನದು, ಅಷ್ಟೇ.

ಗಂಜೀಫಾ ದುಂಡನೆಯ ಎಲೆಗಳ ಆಟ. ಬಾಬರನು 1527ರಲ್ಲಿ ಸಿಂಧದ ಷಾ ಹಸನನಿಗೆ ಗಂಜೀಫಾ ಕಳುಹಿಸಿದ ಸಂಗತಿ ಅವನ ಆತ್ಮಕಥೆಯಲ್ಲಿದೆ. ಮೊಗಲರ ಪದ್ಧತಿಯಲ್ಲಿ ಎಂಟು ಪಂಗಡ. ಪ್ರತಿಯೊಂದರಲ್ಲಿ ರಾಜ, ಮಂತ್ರಿ, ಒಂದರಿಂದ ಹತ್ತರವರೆಗಿನ ಅಂಕೆಗಳು. ಒಟ್ಟು 96 ಎಲೆ. ದಶಾವತಾರದಲ್ಲಿ ಪಂಗಡ ಹತ್ತು, ಎಲೆ 120. ಆಟದ ಬಿಗಿಯಿರುವುದು ಅಂಕೆಗಳಲ್ಲಿ. ಅರ್ಧ ಪಂಗಡಗಳಲ್ಲಿ ಮಂತ್ರಿಯ ಕೆಳಗೆ ಹತ್ತು ದೊಡ್ಡದು. ಉಳಿದರ್ಧದಲ್ಲಿ ಒಂದು ದೊಡ್ಡದು, ಹತ್ತು ಕಟ್ಟಕಡೆಯದು. ಯಾವ ಎಲೆ ಬಿದ್ದಿದೆ, ಯಾವುದು ಉಳಿದಿದೆ ಎಂಬುದನ್ನು ಈ ತಿರುವುಮುರುವಿನ ನಡುವೆಯೇ ನೆನಪಿಡಬೇಕು. ಇಸ್ಪೀಟಿಗಿಂತ ಕಠಿಣವೆಂದೇ ನನ್ನ ಎಣಿಕೆ.

ಒಡಿಶಾದಲ್ಲಿ ಇದು ‘ಗಂಜಪ’. ಅಲ್ಲಿ 96, 120, 144 ಎಲೆಗಳ ಕಟ್ಟುಗಳುಂಟು. ರಾಮಾಯಣದ ಕಟ್ಟಿನಲ್ಲಿ ಪಂಗಡಗಳು ರಾಮನ ಕಡೆ, ರಾವಣನ ಕಡೆ ಎಂದು ಇಬ್ಭಾಗವಾಗಿ ನಿಲ್ಲುತ್ತವೆ. ತೊರವೆಯ ನರಸಿಂಹನ ಅಂಕಿತದಲ್ಲಿ ರಾಮಾಯಣ ರಚಿಸಿದ ಕುಮಾರವಾಲ್ಮೀಕಿ ಇದನ್ನು ಕಂಡಿದ್ದರೆ ಹಿಗ್ಗುತ್ತಿದ್ದನೇನೋ.

ನಮ್ಮ ಮೈಸೂರಿನದು ಬೇರೆಯೇ ವಿಸ್ತಾರ. 1831ರಲ್ಲಿ ಆಡಳಿತವನ್ನು ಇಂಗ್ಲಿಷರಿಗೆ ಒಪ್ಪಿಸಬೇಕಾಗಿ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರು ವಿದ್ಯೆ, ಕಲೆಗಳ ಜೊತೆಗೆ ಆಟಗಳಲ್ಲಿಯೂ ಮನಸ್ಸಿಟ್ಟರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಹದಿಮೂರು ಬಗೆಯ ‘ಛದ’ಗಳ ವಿವರಣೆಯಿದೆ, ಛದವೆಂದರೆ ಸಂಸ್ಕೃತದಲ್ಲಿ ಎಲೆ. ಪಂಗಡಗಳು ಹದಿನೆಂಟರವರೆಗೂ ಏರುತ್ತವೆ. ಚಾಮುಂಡೇಶ್ವರಿ ಛದವೊಂದಕ್ಕೇ 320 ಎಲೆ. ಬೇರೆಡೆಯ ಗಂಜೀಫಾದಲ್ಲಿಲ್ಲದ ತುರುಫಿನ ಎಲೆಗಳೂ ಇಲ್ಲಿವೆ. ಉಳಿದೆಡೆಗಳಲ್ಲಿ ನಿಯಮ ಆಡುವವರ ಬಾಯಲ್ಲಿ ಬೆಳೆಯಿತು. ಇಲ್ಲಿ ದೊರೆಯ ಗ್ರಂಥದಲ್ಲಿ ಹುಟ್ಟಿತು. ಅರಮನೆಯ ಹೊಸ್ತಿಲು ದಾಟಿ ಪೇಟೆಯ ಜಗಲಿಗೆ ಅದು ಇಳಿಯದೆ ಹೋದುದಕ್ಕೆ ಇದೇ ಕಾರಣವಿರಬೇಕು.

ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರಿಂದ ಮೈಸೂರಿನ ಚಿತ್ರಗಳು ಮರುಜೀವ ಪಡೆದವು. ಕೊಂಡವರು ಅವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಸುತ್ತಾರೆ. ಒಡಿಶಾದ ಕೆಲವು ಊರುಗಳಲ್ಲಿ ಮಾತ್ರ ಹಿರಿಯರು ಇಂದಿಗೂ ಚಾಪೆ ಹಾಸಿ ಎಲೆ ಹಂಚುತ್ತಾರೆ. ಈ ಪಂಗಡದಲ್ಲಿ ಹತ್ತು ಮೇಲೋ ಒಂದು ಮೇಲೋ ಎಂದು ಅವರನ್ನು ಕೇಳಿದರೆ ಉತ್ತರ ಸಿಗುತ್ತದೆ.