ಗ್ರಹಗಳ ಹಿನ್ನಡೆ

ಕಡೂರಿನಿಂದ ತರೀಕೆರೆಯತ್ತ ಹೊರಟ ಬಸ್ಸಿನ ಎಡಬದಿಯ ಕಿಟಕಿಯಿಂದ ನೋಡಿದರೆ ದೂರದಲ್ಲಿ ಬಾಬಾಬುಡನ್ ಗಿರಿಶ್ರೇಣಿ ಕಾಣುತ್ತದೆ. ರಸ್ತೆಯ ಅಂಚಿನಲ್ಲಿ ಎತ್ತಿನ ಗಾಡಿಯೊಂದು ಅದೇ ದಿಕ್ಕಿಗೆ ಸಾಗುತ್ತಿದೆಯೆನ್ನಿ. ಹೂಡಿರುವುವು ಅಜ್ಜಂಪುರದ ಅಮೃತಮಹಲ್ ಎತ್ತುಗಳೇ ಇರಬಹುದು. ವೇಗಕ್ಕೆ ಹೆಸರಾದ ತಳಿಯದು. ಆದರೂ ಬಸ್ಸು ದಾಟುವ ಗಳಿಗೆಯಲ್ಲಿ ಗಾಡಿಯು ಬೆಟ್ಟದ ಸಾಲಿನೆದುರು ಹಿಂದಕ್ಕೆ ಸರಿದಂತೆ ತೋರುತ್ತದೆ. ಎತ್ತುಗಳು ಒಂದು ಹೆಜ್ಜೆಯನ್ನೂ ಹಿಂದಿಟ್ಟಿರುವುದಿಲ್ಲ.

ಮಂಗಳನ ವಕ್ರಗತಿಯೂ ಇಂಥದೇ. ಭೂಮಿಯು ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಹೊರಗಿನ ಕಕ್ಷೆಯಲ್ಲಿರುವ ಮಂಗಳನ ವೇಗ ಸುಮಾರು 24 ಕಿಲೋಮೀಟರ್. ಸುಮಾರು 26 ತಿಂಗಳಿಗೊಮ್ಮೆ ಭೂಮಿಯು ಅದನ್ನು ಹಿಂದಿಕ್ಕುತ್ತದೆ. ಇಲ್ಲಿ ಬೆಟ್ಟದ ಸ್ಥಾನದಲ್ಲಿರುವುವು ದೂರದ ನಕ್ಷತ್ರಗಳು. ಅವುಗಳ ನಡುವೆ ದಿನದಿನವೂ ಪೂರ್ವಕ್ಕೆ ಸರಿಯುತ್ತಿದ್ದ ಮಂಗಳ ಆಗ ನಿಂತಂತಾಗಿ, ಕೆಲವು ವಾರ ಪಶ್ಚಿಮಕ್ಕೆ ಚಲಿಸಿ, ಮತ್ತೆ ಪೂರ್ವಕ್ಕೆ ತಿರುಗುತ್ತದೆ. ರಸ್ತೆ ನೇರ, ಕಕ್ಷೆ ದುಂಡು. ಆದುದರಿಂದ ದಾಟುವ ಕಾಲದಲ್ಲಿ ಮಾತ್ರ ಈ ಹಿನ್ನಡೆ ಕಾಣುತ್ತದೆ.

ಭೂಮಿ ನಿಶ್ಚಲವೆಂದು ನಂಬಿದ ಟಾಲೆಮಿಯು ಇದನ್ನು ವಿವರಿಸಲು ವೃತ್ತದ ಮೇಲೆ ವೃತ್ತವನ್ನು ಕಲ್ಪಿಸಬೇಕಾಯಿತು. 1543ರಲ್ಲಿ ಕೋಪರ್ನಿಕಸನ ಗ್ರಂಥವು ಭೂಮಿಯನ್ನೇ ಚಲಿಸುವ ಗ್ರಹವಾಗಿಸಿದಾಗ ತೊಡಕು ಬಹುಮಟ್ಟಿಗೆ ಬಿಡಿಸಿತು.

ಗ್ರಹವು ವಕ್ರಿಯಾಯಿತೆಂದು ಅಂಜಿ ಶುಭಕಾರ್ಯವನ್ನು ಮುಂದೂಡುವವರು ಇಂದಿಗೂ ಉಂಟು. ಪಂಚಾಂಗದ ಗಣಿತ ಸುಳ್ಳಲ್ಲ. ಗ್ರಹವೇ ಹಿಂತಿರುಗಿತೆಂಬ ಭಾವನೆ ಸುಳ್ಳು. ಅಂಜುವ ಬದಲು ಆ ದಿನಗಳಲ್ಲಿ ತಲೆಯೆತ್ತಿ ನೋಡಬೇಕು, ಏಕೆಂದರೆ ಗ್ರಹವು ನಮಗೆ ಹತ್ತಿರವಾಗುವುದು ಆಗಲೇ. 2025ರ ಜನವರಿ 16ರಂದು ಮಂಗಳ ಸೂರ್ಯಾಸ್ತದ ಹೊತ್ತಿಗೆ ಮೂಡಿ, ಬೆಳಗಾಗುವವರೆಗೂ ಕೆಂಪಗೆ ಹೊಳೆಯಿತು.