ಏರಿಗೆ ಗೇರು, ಇಳುಕಲಿಗೆ ಬ್ರೇಕು. ಬಣ್ಣಕ್ಕೆ ದುಡ್ಡು ಬೇಡ

ಅಡಿಕೆ ಬಿಕರಿಯಾಗಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೇ ಶಾಲೆಯ ಪರೀಕ್ಷೆಯೂ ಮುಗಿದಿರುತ್ತದೆ. ಆಗ ತ್ಯಾಗಲಿ ಸುತ್ತಿನ ಮನೆಗಳ ಜಗುಲಿಯಲ್ಲಿ ಒಂದೇ ರಾಗ: "ಅಪ್ಪಯ್ಯಾ, ನಂಗೊಂದು ಗೇರ್ ಸೈಕಲ್ಲು." ಮಗ ಏಳು ಮುಗಿಸಿ ಎಂಟಕ್ಕೆ ಹೋಗುವವನು. ಅಪ್ಪ ಶಿರಸಿಗೋ ಸಿದ್ದಾಪುರಕ್ಕೋ ಬಸ್ಸು ಹತ್ತುತ್ತಾನೆ. ಸಂಜೆ ಗೂಡ್ಸ್ ರಿಕ್ಷಾದಲ್ಲಿ ಕೆಂಪು-ಕಪ್ಪು ಬಣ್ಣದ, ಮುಂದೊಂದು ಹಿಂದೊಂದು ಶಾಕ್ ಅಬ್ಸಾರ್ಬರ್ ಇರುವ ಸೈಕಲ್ಲು ಬಂದಿಳಿಯುತ್ತದೆ. ಕೇರಿಗೆಲ್ಲ ಸಂಭ್ರಮ.

ಜೂನ್ ಬರುತ್ತದೆ, ಮಳೆ ಹಿಡಿಯುತ್ತದೆ. ದೀಪಾವಳಿಗೆ ಹೋಗಿ ನೋಡಿ: ಅದೇ ಸೈಕಲ್ಲು ಕೊಟ್ಟಿಗೆಯ ಮೂಲೆಯಲ್ಲಿ ದರಕಿನ ರಾಶಿಗೆ ಒರಗಿ ನಿಂತಿರುತ್ತದೆ. ಚೈನಿಗೆ ತುಕ್ಕು, ಗೇರಿನ ಕೇಬಲ್ಲು ಜಾಮು. ಬ್ರೇಕು ಹಿಡಿದರೆ ಕಿರ್ರೆನ್ನುತ್ತದೆಯೇ ಹೊರತು ಸೈಕಲ್ಲು ನಿಲ್ಲುವುದಿಲ್ಲ. ಹತ್ತು ಸಾವಿರ ರೂಪಾಯಿ ಮಣ್ಣುಪಾಲು.

ತಪ್ಪು ಯಾರದ್ದು ಅಂತೀರಿ? ಹುಡುಗನದ್ದಲ್ಲ. ಅಂಗಡಿಯವರದ್ದೂ ಪೂರ್ತಿ ಅಲ್ಲ. ಕೇಳಿದ್ದನ್ನು ಅವರು ಕೊಟ್ಟರು. ನಾವು ಕೇಳಿದ್ದೇ ತಪ್ಪು. ನಾವು ನೋಡಿದ್ದು ಬಣ್ಣ. ನೋಡಬೇಕಾಗಿದ್ದು ನಮ್ಮ ಮನೆಯ ಮುಂದಿನ ಏರು.

ಬಸ್ಸಿಗೂ ಮನೆಗೂ ನಡುವೆ

ನಮ್ಮ ಕಡೆಯ ಮನೆಗಳು ರಸ್ತೆಯ ಬದಿಗೆ ಸಾಲಾಗಿ ಕೂತವಲ್ಲ. ತೋಟ ಇದ್ದಲ್ಲಿ ಮನೆ, ಕಣಿವೆಗೊಂದು ಕೇರಿ. ನಾಣಿಕಟ್ಟೆಗೋ ಕಾನಸೂರಿಗೋ ಬಂದು ಬಸ್ಸು ಹಿಡಿಯಬೇಕಾದರೆ ಮೊದಲು ಕೆಂಪು ಮಣ್ಣಿನ ಏರು, ಆಮೇಲೆ ಹಳ್ಳದ ಸಂಕ, ಮತ್ತೆ ಏರು. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿಲ್ಲ, ಸರಿ. ಆದರೆ ಬಸ್ಸು ದಣಪೆಯ ತನಕ ಬರುತ್ತದೆಯೇ? ತಪ್ಪಿದ ಬಸ್ಸಿಗೆ ಫ್ರೀ ಆದರೇನು, ಪಾಸು ಇದ್ದರೇನು?

ಒಂದು ಕಾಲದಲ್ಲಿ ಸರಕಾರವೇ ಸೈಕಲ್ಲು ಕೊಡುತ್ತಿತ್ತು. 2006-07ರಲ್ಲಿ ಶುರುವಾದ ಆ ಯೋಜನೆಯಲ್ಲಿ ಸರಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ಲು ಬರುತ್ತಿತ್ತು. ಕೋವಿಡ್ ಬಂದ 2020-21ರಲ್ಲಿ ಹಂಚಿಕೆ ನಿಂತಿತು. ಈಗ ಅಪ್ಪಂದಿರ ಜೇಬೇ ಗತಿ.

"ಸೈಕಲ್ಲು ಎಂತಕ್ಕೆ ಮಾರಾಯ್ರೆ, ಸ್ಕೂಟಿ ಕೊಟ್ಟರಾಯ್ತು" ಅನ್ನುವವರೂ ಇದ್ದಾರೆ. ಅವರಿಗೆ ಒಂದು ಮಾತು. 2019ರ ತಿದ್ದುಪಡಿಯ ಮೋಟಾರು ಕಾಯಿದೆಯಂತೆ, ವಯಸ್ಸಾಗದ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ದಂಡ ಪಾಲಕರಿಗೆ ಅಥವಾ ಗಾಡಿಯ ಮಾಲಿಕರಿಗೆ: 25,000 ರೂಪಾಯಿ, ಮೂರು ವರ್ಷದ ತನಕ ಜೈಲು. ಅಷ್ಟು ದುಡ್ಡಿಗೆ ಎರಡು ಒಳ್ಳೆಯ ಗೇರ್ ಸೈಕಲ್ಲು ಬರುತ್ತವೆ.

ನಾನು ಪಟ್ಟ ಪಾಡು

ಬುದ್ಧಿ ಹೇಳುವ ನಾನೂ ಮೊದಲು ಜಾರಿಬಿದ್ದವನೇ. ಮಗನಿಗೆ ಹದಿಮೂರು ತುಂಬಿದಾಗ ಪೇಟೆಯ ಒಂದು ಅಂಗಡಿಯಿಂದ ಡಬಲ್ ಶಾಕ್ ಸೈಕಲ್ಲು ತಂದೆ. "ಬುಲೆಟ್ ಇದ್ದಂಗೆ ಸಾರ್" ಅಂದರು. ತೂಕ ಬುಲೆಟ್ಟಿನದ್ದೇ! ಹದಿನೆಂಟು ಕೆಜಿ. ನಲವತ್ತು ಕೆಜಿಯ ಹುಡುಗ ಏರಿನಲ್ಲಿ ಅದರ ಮೇಲೆ ಕೂತಿದ್ದಕ್ಕಿಂತ ಅದನ್ನು ತಳ್ಳಿದ್ದೇ ಹೆಚ್ಚು.

ಜುಲೈ ತಿಂಗಳ ಒಂದು ಸಂಜೆ ಸಂಕದ ಮೇಲಿನ ಇಳುಕಲಿನಲ್ಲಿ ಬ್ರೇಕು ಹಿಡಿದ. ಚಕ್ರದ ರಿಮ್ಮು ಸ್ಟೀಲಿನದ್ದು, ಫಳಫಳ ಹೊಳೆಯುವಂಥದ್ದು. ನೀರು ಬಿದ್ದ ಸ್ಟೀಲ್ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಎಣ್ಣೆ ಸವರಿದ ಹಾಗೆ ಜಾರುತ್ತದೆ. ಸೈಕಲ್ಲು ನಿಲ್ಲಲಿಲ್ಲ. ಪುಣ್ಯಕ್ಕೆ ಹುಡುಗ ಪಕ್ಕದ ಮಟ್ಟಿಗೆ ಹಾರಿಕೊಂಡ. ಮೊಣಕೈ ತರಚಿತು, ಮಂಡಿ ಒಡೆಯಿತು. ಕೆಳಗೆ ಹಳ್ಳ ತುಂಬಿ ಕೆಂಪಾಗಿ ಹರಿಯುತ್ತಿತ್ತು. ಆ ಹಳ್ಳದ ಸದ್ದು ನನಗೆ ಇವತ್ತಿಗೂ ರಾತ್ರಿ ಕೇಳಿದಂತಾಗುತ್ತದೆ.

ಆ ಸೈಕಲ್ಲು ಅರ್ಧ ಬೆಲೆಗೆ ಬಯಲುಸೀಮೆಯ ನೆಂಟರ ಪಾಲಾಯಿತು. ಅಲ್ಲಿ ಇಷ್ಟು ಇಳುಕಲೂ ಇಲ್ಲ, ಇಷ್ಟು ಮಳೆಯೂ ಇಲ್ಲ. ಆಮೇಲೆ ಕಣ್ಣು ಬಿಟ್ಟು, ಕೇಳಿ, ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಗುಡ್ಡದ ಸೈಕಲ್ಲು ಹುಟ್ಟಿದ್ದು ಹೀಗೆ

ಅಂಗಡಿಯವರು ಎಂ.ಟಿ.ಬಿ. ಅನ್ನುತ್ತಾರಲ್ಲ, ಮೌಂಟೇನ್ ಬೈಕು, ಅದನ್ನು ಮೊದಲು ಮಾಡಿದ್ದು ದೊಡ್ಡ ಕಂಪನಿಯಲ್ಲ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಜಿಲ್ಲೆಯ ಕೆಲವು ಹುಡುಗರು ದಪ್ಪ ಟೈರಿನ ಗುಜರಿ ಸೈಕಲ್ಲುಗಳನ್ನು ಗುಡ್ಡದ ಮೇಲಿಂದ ಇಳಿಸುತ್ತಿದ್ದರು. 1976ರಿಂದ ಅಲ್ಲಿ ನಡೆದ ಪಂದ್ಯಕ್ಕೆ 'ರೀಪ್ಯಾಕ್' ಎಂದೇ ಹೆಸರು. ಯಾಕೆ ಗೊತ್ತೇ? ಇಳಿದು ಮುಗಿಸುವಷ್ಟರಲ್ಲಿ ಬ್ರೇಕಿನ ಹಬ್ಬು ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಹೊಸ ಗ್ರೀಸು ತುಂಬಬೇಕಿತ್ತು. ಹಳೆ ಸೈಕಲ್ಲಿಗೇ ಅವರು ಗೇರು ಜೋಡಿಸಿದರು, ಗಟ್ಟಿ ಬ್ರೇಕು ಕೂರಿಸಿದರು. 1977ರಲ್ಲಿ ಜೋ ಬ್ರೀಜ್ ಎಂಬಾತ ಇದಕ್ಕೆಂದೇ ಹೊಸ ಫ್ರೇಮು ಕಟ್ಟಿದ. 1981ರಲ್ಲಿ ಇಂಥ ಸೈಕಲ್ಲು ಕಾರ್ಖಾನೆಯಿಂದ ರಾಶಿಯಾಗಿ ಹೊರಬಂತು.

ನೋಡಿ, ಅವರು ಮೊದಲು ಬದಲಿಸಿದ್ದು ಬ್ರೇಕು ಮತ್ತು ಗೇರು. ಶಾಕ್ ಅಬ್ಸಾರ್ಬರು ಬಂದದ್ದು ಎಷ್ಟೋ ಕಾಲದ ನಂತರ. ನಮ್ಮ ಪಟ್ಟಿಯೂ ಅದೇ ಕ್ರಮದಲ್ಲಿರಲಿ.

ಅಂಗಡಿಯಲ್ಲಿ ಏನು ನೋಡಬೇಕು?

ಮೊದಲನೆಯದು ಅಳತೆ. "ಬೆಳೆಯುವ ಹುಡುಗ, ಒಂದು ನಂಬರು ದೊಡ್ಡದಿರಲಿ" ಅನ್ನುವ ಚಪ್ಪಲಿ ಲೆಕ್ಕ ಸೈಕಲ್ಲಿಗೆ ನಡೆಯುವುದಿಲ್ಲ. ನಾಲ್ಕೂವರೆ ಅಡಿ ಆಸುಪಾಸಿನ ಮಗುವಿಗೆ 24 ಇಂಚಿನ ಚಕ್ರ. ಐದಡಿ ಹತ್ತಿರವಾದರೆ 26. ಮಗುವನ್ನು ಕರೆದುಕೊಂಡೇ ಹೋಗಿ. ಅಡ್ಡಕಂಬಿಯ ಮೇಲೆ ಕಾಲು ಚಾಚಿ ನಿಂತರೆ ಎರಡು ಇಂಚಾದರೂ ಸಂದು ಉಳಿಯಬೇಕು. ಸೀಟಿನ ಮೇಲೆ ಕೂತು ಕೆಳಗಿನ ಪೆಡಲಿಗೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಒಂದೆರಡು ವರ್ಷ ಕಳೆದರೆ ಉದ್ದನೆಯ ಸೀಟ್ ಪೋಸ್ಟು ಹಾಕಿಸಿದರಾಯಿತು. ಆದರೆ ಅದರ ಮೇಲೆ ಕೊರೆದ ಗೆರೆ ದಾಟಿ ಮೇಲೆತ್ತಬೇಡಿ, ಮುರಿಯುತ್ತದೆ.

ಎರಡನೆಯದು, ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ. ನಗಬೇಡಿ. ಬ್ರೇಕಿನ ರಬ್ಬರು ರಿಮ್ಮನ್ನೇ ಹಿಡಿಯುವ ಸೈಕಲ್ಲಾದರೆ ಅಯಸ್ಕಾಂತ ರಿಮ್ಮಿಗೆ ತಾಗಿಸಿ. ಕಚ್ಚಿತೋ, ಸ್ಟೀಲು, ನಮ್ಮ ಮಳೆಗೆ ಬೇಡ. ಕಚ್ಚದಿದ್ದರೆ ಅಲ್ಯೂಮಿನಿಯಂ, ಅಡ್ಡಿಲ್ಲೆ. ಡಿಸ್ಕ್ ಬ್ರೇಕಾದರೆ ರಾಡಿ ಮೆತ್ತಿದ ರಿಮ್ಮಿನ ಗೋಜಿಲ್ಲ, ಮಳೆನಾಡಿಗೆ ಅದೇ ಲೇಸು. ಆದರೆ ಅಗ್ಗದ ಡಿಸ್ಕನ್ನು ಆಗಾಗ ಬಿಗಿ ಮಾಡಿಸುತ್ತಿರಬೇಕು. ಡಿಸ್ಕ್ ಕೂರಿಸುವ ಕಿವಿ ಫ್ರೇಮಿನಲ್ಲೂ ಮುಂದಿನ ಫೋರ್ಕಿನಲ್ಲೂ ಇಲ್ಲದಿದ್ದರೆ ಮುಂದೆ ಹಾಕಿಸಲು ಬರುವುದಿಲ್ಲ. ಇದನ್ನು ಕೊಳ್ಳುವಾಗಲೇ ನೋಡಿಕೊಳ್ಳಿ.

ಮೂರನೆಯದು ಶಾಕ್. ಹತ್ತು-ಹನ್ನೆರಡು ಸಾವಿರದೊಳಗಿನ ಸೈಕಲ್ಲಿನ ಹಿಂದಿನ ಶಾಕ್ ಎಂದರೆ ಬರೀ ಸ್ಪ್ರಿಂಗು. ಏರಿನಲ್ಲಿ ಹುಡುಗ ತುಳಿದ ಬಲದಲ್ಲಿ ಒಂದು ಪಾಲು ಅದೇ ನುಂಗುತ್ತದೆ, ಮೇಲಿಂದ ತೂಕ ಬೇರೆ. ಹಿಂದೆ ಬೇಡವೇ ಬೇಡ. ಮುಂದಿನದ್ದೂ ಇಲ್ಲದಿದ್ದರೆ ನಷ್ಟವಿಲ್ಲ. ದಪ್ಪ ಟೈರೇ ನಮ್ಮ ಶಾಕು.

ನಾಲ್ಕನೆಯದು ಗೇರು. "21 ಗೇರ್ ಇದೆ" ಎಂದು ಹಿಗ್ಗಬೇಡಿ, ಹಲ್ಲು ಎಣಿಸಿ. ಮುಂದೆ 44 ಹಲ್ಲು, ಹಿಂದೆ 18 ಇರುವ ಒಂಟಿ ಗೇರಿನ 26 ಇಂಚು ಸೈಕಲ್ಲು ಒಂದು ಸುತ್ತು ತುಳಿದರೆ ಸುಮಾರು 5 ಮೀಟರ್ ಮುಂದೆ ಹೋಗುತ್ತದೆ. ಮುಂದೆ 28, ಹಿಂದೆ 28 ಇದ್ದರೆ 2 ಮೀಟರ್ ಚಿಲ್ಲರೆ. ಅಂದರೆ ಅರ್ಧಕ್ಕಿಂತ ಕಡಿಮೆ ಬಲಕ್ಕೆ ಏರು ಹತ್ತಬಹುದು. ನಿಧಾನ, ಆದರೆ ಇಳಿದು ತಳ್ಳುವ ಕಷ್ಟವಿಲ್ಲ. ನಮಗೆ ಬೇಕಾದ್ದು ಗೇರಿನ ಸಂಖ್ಯೆಯಲ್ಲ, ಈ ಒಂದು ಸಣ್ಣ ಗೇರು.

ಆನ್‌ಲೈನಿನಲ್ಲಿ ತರಿಸುವವರು ಗಮನಿಸಿ: ಪೆಟ್ಟಿಗೆಯಲ್ಲಿ ಬರುವುದು ಅರೆ ಜೋಡಿಸಿದ ಸೈಕಲ್ಲು. ಎಡಗಡೆಯ ಪೆಡಲಿನ ಥ್ರೆಡ್ಡು ಉಲ್ಟಾ. ಗೊತ್ತಿಲ್ಲದೆ ಜಗ್ಗಿ ತಿರುಗಿಸಿದರೆ ಮೊದಲ ದಿನವೇ ಕ್ರ್ಯಾಂಕು ಹಾಳು. ಮೆಕ್ಯಾನಿಕ್ಕಿಗೆ ನೂರಿನ್ನೂರು ಕೊಟ್ಟು ಕೂರಿಸಿಕೊಳ್ಳಿ.

ಮನೆಗೆ ಬಂದ ಮೇಲೆ

2025ರ ಸಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು ಹತ್ತು ಸಾವಿರದ ಸೈಕಲ್ಲಾದರೆ 700 ರೂಪಾಯಿ ಉಳಿಯಿತು. ಬಣ್ಣದ ಮೋಹ ಬಿಟ್ಟರೆ ಇನ್ನೂ ಸಾವಿರ ಉಳಿಯುತ್ತದೆ. ಆ ದುಡ್ಡನ್ನು ಒಂದೇ ದಿನ ಸುರಿಯಬೇಡಿ. ಕ್ರಮವಾಗಿ ಹೀಗೆ ಹಾಕಿ:

ಒಂದು, ಬ್ರೇಕು. ಹೊಸ ಸೈಕಲ್ಲಿನ ಅಗ್ಗದ ಪ್ಯಾಡು ತೆಗೆಸಿ ಒಳ್ಳೆಯದು ಹಾಕಿಸಿ; ದೊಡ್ಡ ಖರ್ಚಲ್ಲ. ಡಿಸ್ಕಿನ ಪ್ಯಾಡಾದರೆ ಹಳೆಯದನ್ನೇ ಅಂಗಡಿಗೆ ಒಯ್ಯಿರಿ, ಆಕಾರ ಹೊಂದಬೇಕು. ಬ್ರೇಕಿನ ಹಿಡಿಯ ಬುಡದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದರೆ ಹಿಡಿ ಹತ್ತಿರ ಬಂದು ಮಗುವಿನ ಬೆರಳಿಗೆ ಎಟುಕುತ್ತದೆ. ಕಾಸು ಖರ್ಚಿಲ್ಲದ ಈ ಕೆಲಸವನ್ನು ಎಷ್ಟೋ ಅಪ್ಪಂದಿರು ಮಾಡಿಯೇ ಇಲ್ಲ. ಮುಂದಿನ ಬ್ರೇಕು ಯಾವುದು, ಹಿಂದಿನದು ಯಾವುದು ಎಂದು ಮೊದಲ ದಿನವೇ ತೋರಿಸಿ. ಇಳುಕಲಿನಲ್ಲಿ ಎರಡನ್ನೂ ಒಟ್ಟಿಗೆ, ಮೈಭಾರ ಹಿಂದಕ್ಕೆ.

ಎರಡು, ಮಡ್‌ಗಾರ್ಡು. ಎಂ.ಟಿ.ಬಿ.ಗೆ ಬಹಳ ಸಲ ಇದು ಬರುವುದೇ ಇಲ್ಲ. ಕಂಪನಿಯವರು ನಮ್ಮ ಆರಿದ್ರಾ ಮಳೆ ಕಂಡವರೇ? ಬಿಳಿ ಅಂಗಿಯ ಬೆನ್ನ ಮೇಲೆ ಕೆಂಪು ಪಟ್ಟೆ ಹೊತ್ತು ಶಾಲೆಗೆ ಹೋಗುವ ಮಗುವಿಗೆ ಸೈಕಲ್ಲೇ ಬೇಡವಾಗುತ್ತದೆ. ಜೊತೆಗೆ ಗಂಟೆ, ಹಿಂದೊಂದು ಕೆಂಪು ದೀಪ, ತಲೆಗೆ ಸರಿಹೊಂದುವ ಹೆಲ್ಮೆಟ್ಟು.

ಮೂರು, ಟೈರು. ಸವೆದ ಮೇಲೆ ಬದಲಿಸುವಾಗ 1.95ರಿಂದ 2.1 ಇಂಚು ಅಗಲದ್ದು, ನಡುವೆ ಬಿಡಿಬಿಡಿಯಾಗಿ ಗಂಟು ಇರುವಂಥದ್ದು ಹಾಕಿ, ರಾಡಿ ಕಚ್ಚಿಕೊಳ್ಳುವುದಿಲ್ಲ. ಗಾಳಿಯ ಒತ್ತಡ ಎಷ್ಟು ಎಂದು ಟೈರಿನ ಪಕ್ಕದಲ್ಲೇ ಅಚ್ಚಾಗಿದೆ. ಪೆಟ್ರೋಲ್ ಬಂಕಿನಲ್ಲಿ ಹಿಡಿದರೆ ಕ್ಷಣದಲ್ಲಿ ಹೆಚ್ಚಾಗಿ ಟ್ಯೂಬು ಢಂ ಅಂದೀತು. ಕೈಪಂಪೇ ಕ್ಷೇಮ.

ನಾಲ್ಕು, ಗೇರು. ಹಿಂದಿನ ಏಳು ಹಲ್ಲುಚಕ್ರದ ಫ್ರೀವೀಲು ಸವೆದಾಗ 14-28ರ ಬದಲು 14-34ರದ್ದು ಸಿಗುತ್ತದೆ. ಏರು ಇನ್ನೂ ಹಗುರ. ಆದರೆ ಹಿಂದಿನ ಡಿರೇಲರು 34 ಹಲ್ಲು ತಾಳುತ್ತದೆಯೇ ಎಂದು ಕೇಳಿ, ಚೈನೂ ಉದ್ದ ಬೇಕಾಗುತ್ತದೆ.

ಹಳೆಯದೂ ಸಾಕು

ಹತ್ತು ಸಾವಿರ ಎಲ್ಲಿಂದ ತರೋಣ ಅನ್ನುವವರು ಕೊಟ್ಟಿಗೆಯಲ್ಲಿ ಹುಡುಕಿ. ಅಕ್ಕನಿಗೆ ಸರಕಾರ ಕೊಟ್ಟ ಸೈಕಲ್ಲು ಇರಬಹುದು, ಅಣ್ಣನ ಒಂಟಿ ಗೇರಿನ ಎಂ.ಟಿ.ಬಿ. ಇರಬಹುದು. ಹಿಂದಿನ 18 ಹಲ್ಲಿನ ಫ್ರೀವೀಲು ತೆಗೆಸಿ 22 ಹಲ್ಲಿನದ್ದು ಹಾಕಿಸಿ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕು, ಅಷ್ಟೇ. ಒಂದು ಸುತ್ತಿನ 5 ಮೀಟರು 4ಕ್ಕೆ ಇಳಿಯುತ್ತದೆ. ಹೊಸ ಬ್ರೇಕ್ ರಬ್ಬರು, ಹೊಸ ಕೇಬಲ್ಲು, ಹಬ್ಬಿಗೆ ಗ್ರೀಸು. ಸಾವಿರದ ಆಸುಪಾಸಿನಲ್ಲಿ ಮಗು ರಸ್ತೆಗೆ ಇಳಿದೀತು. ಕ್ಯಾಲಿಫೋರ್ನಿಯಾದ ಹುಡುಗರು ಮಾಡಿದ್ದೂ ಇದನ್ನೇ.

ಮಳೆಗಾಲದ ಪಥ್ಯ

ರಾಡಿಯಲ್ಲಿ ಬಂದ ಸೈಕಲ್ಲಿಗೆ ಅಂದೇ ಒಂದು ಕೊಡ ನೀರು. ಪೈಪಿನ ಜೋರು ನೀರನ್ನು ಹಬ್ಬಿಗೆ ಹೊಡೆಯಬೇಡಿ, ಗ್ರೀಸು ತೊಳೆದುಹೋಗುತ್ತದೆ. ವಾರಕ್ಕೊಮ್ಮೆ ಚೈನು ಒರೆಸಿ ಎರಡು ಹನಿ ಎಣ್ಣೆ. ಮೋಟಾರಿನ ಸುಟ್ಟ ಎಣ್ಣೆ ಬೇಡ, ಧೂಳು ಹಿಡಿಯುತ್ತದೆ. ಡಿಸ್ಕಿಗೂ ರಿಮ್ಮಿಗೂ ಎಣ್ಣೆ ತಾಗಲೇಬಾರದು. ಸೈಕಲ್ಲು ಬಲಕ್ಕೆ ಬಿದ್ದ ದಿನ ಹಿಂದಿನ ಗೇರಿನ ಕೊಕ್ಕೆ ಬಗ್ಗಿದೆಯೇ ನೋಡಿ. ಬಗ್ಗಿದ್ದನ್ನು ಹಾಗೇ ತುಳಿದರೆ ಅದು ಕಡ್ಡಿಗೆ ಸಿಕ್ಕಿ ಚಕ್ರವನ್ನೇ ಮುರಿಯುತ್ತದೆ.

ಅಂಗಡಿಯವರಿಗೂ ಒಂದು ಮಾತು

ಪೇಟೆಯ ಸೈಕಲ್ ಅಂಗಡಿಯ ಮಿತ್ರರೇ, ಗಿರಾಕಿ ಬಣ್ಣ ಕೇಳಿದಾಗ ನೀವೊಂದು ಪ್ರಶ್ನೆ ಕೇಳಿ: "ಮನೆಯ ಹತ್ತಿರ ಏರೆಷ್ಟು, ಇಳುಕಲೆಷ್ಟು?" ಒಂದು ಡಬಲ್ ಶಾಕ್ ಮಾರಾಟ ತಪ್ಪಬಹುದು. ಆದರೆ ಆ ಅಪ್ಪ ಪ್ಯಾಡಿಗೆ, ಟೈರಿಗೆ, ಫ್ರೀವೀಲಿಗೆ, ಆಮೇಲೆ ತಂಗಿಯ ಸೈಕಲ್ಲಿಗೆ ನಿಮ್ಮಲ್ಲಿಗೇ ಬರುತ್ತಾನೆ.

ನಮ್ಮ ಮನೆಯ ಎರಡನೆಯ ಸೈಕಲ್ಲು ಬೂದು ಬಣ್ಣದ್ದು. ಸಾದಾ ಫೋರ್ಕು, ಡಿಸ್ಕ್ ಬ್ರೇಕು. ತಂದ ದಿನ ಮಗ ಮುಖ ಊದಿಸಿಕೊಂಡಿದ್ದ. ಮೊದಲ ಮಳೆಯ ಸಂಜೆ ನಾನು ಸಂಕದ ಬಳಿ ಕೊಡೆ ಹಿಡಿದು ಕಾದು ನಿಂತಿದ್ದೆ. ಇಳುಕಲಿನ ತುದಿಯಲ್ಲಿ ಕಂಡ, ಎರಡೂ ಬ್ರೇಕು ಹಿಡಿದ, ನನ್ನ ಮುಂದೆ ಬಂದು ನಿಂತ.

"ಎಂತಕ್ಕೆ ನಿಂತಿದ್ದೆ ಅಪ್ಪಯ್ಯಾ?" ಅಂದ.

"ಸುಮ್ಮನೆ" ಅಂದೆ.